ಭೀಮಗೊಂಡನ ಹೊಸ ಚೆಂಡು

ಶಹಾಪುರದ ಕ್ರಿಕೆಟ್ ತಂಡಕ್ಕೆ ಹದಿಮೂರು ವರ್ಷ ಮೊದಲ ಓವರ್ ಹಾಕಿದವನು ಭೀಮಗೊಂಡ. ಇಚಲಕರಂಜಿಯ ಮಗ್ಗುಲಿಗಿದ್ದ ಆ ಊರಿನಲ್ಲಿ ಆಗ ಎಣ್ಣೆ ಎಂಜಿನ್ನಿನ ಬಲದಿಂದ ಓಡುವ ಮಗ್ಗಗಳು ಒಂದೊಂದಾಗಿ ಬಂದು ನೆಲೆಯೂರುತ್ತಿದ್ದವು. ಆಬಾಸಾಹೇಬರ ಶೆಡ್ಡಿನಲ್ಲಿ ಇಪ್ಪತ್ನಾಲ್ಕು ಮಗ್ಗಗಳಿದ್ದವು. ಕೆಟ್ಟ ಮಗ್ಗವನ್ನು ಸರಿಮಾಡುವ ಜಾಬರನ ಕೆಲಸ ಭೀಮಗೊಂಡನದು. ಇಪ್ಪತ್ನಾಲ್ಕೂ ಒಟ್ಟಿಗೆ ಓಡುವಾಗ ಯಾವುದರ ಲಾಳಿ ತಡವರಿಸುತ್ತಿದೆ ಎಂದು ಬಾಗಿಲಲ್ಲಿ ನಿಂತೇ ಹೇಳಬಲ್ಲವನಾಗಿದ್ದ.

ಕ್ರಿಕೆಟ್ ತಂಡವೂ ಆಬಾಸಾಹೇಬರದೇ ಎನ್ನಬೇಕು. ಅವರೇ ಕ್ಯಾಪ್ಟನ್. ಬ್ಯಾಟು, ಪ್ಯಾಡು, ಪಿಚ್ಚಿಗೆ ಹಾಸುವ ನಾರಿನ ಚಾಪೆ ಎಲ್ಲವೂ ಅವರ ಮನೆಯ ಅಟ್ಟದಲ್ಲಿರುತ್ತಿದ್ದವು. ಎರಡನೆಯ ತುದಿಯಿಂದ ಚೆಂಡು ಹಾಕುತ್ತಿದ್ದವನು ಕುಂಥುನಾಥ, ನೂಲಿನ ವ್ಯಾಪಾರಿ, ಭೀಮಗೊಂಡನ ಜೊತೆಗೆ ಒಂದೇ ಶಾಲೆಯಲ್ಲಿ ಕಲಿತವನು. ಅವನ ಓಟ ಬೌಂಡರಿಯ ಹತ್ತಿರದಿಂದ ಶುರುವಾಗುತ್ತಿತ್ತು. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನ ಮನೆತನ ಅವನದು. ಆಟ ಸಂಜೆಗೆ ಜಗ್ಗಿದರೆ ಅವನ ಒಂದು ಕಣ್ಣು ವಿಕೆಟ್ಟಿನ ಮೇಲೆ, ಇನ್ನೊಂದು ಪಡುವಣದ ಮೇಲೆ. ಅವನ ಕಡೆಯ ಓವರುಗಳು ಬಹಳ ಬೇಗ ಮುಗಿಯುತ್ತವೆ ಎಂದು ತಂಡದವರು ನಗುತ್ತಿದ್ದರು. ಅವನೂ ನಗುತ್ತಿದ್ದ.

೧೯೩೯ರ ದೀಪಾವಳಿ ಪಂದ್ಯದಲ್ಲಿ ಯಾರೂ ನಗಲಿಲ್ಲ. ಕೊಲ್ಹಾಪುರದ ಮೈದಾನದಲ್ಲಿ ಭೀಮಗೊಂಡನ ಮೊದಲ ನಾಲ್ಕು ಓವರಿಗೆ ಮೂವತ್ತೊಂದು ರನ್ ಹೋದವು. ಅವನ ಬಲಭುಜ ಎರಡು ವರ್ಷದಿಂದ ಹಿಡಿದುಕೊಂಡಿತ್ತು. ಕೈ ಕಿವಿಯವರೆಗೆ ಏಳುತ್ತಿತ್ತು, ಅದರಾಚೆ ಹೋಗುತ್ತಿರಲಿಲ್ಲ. ಹಿಂದೆ ಬ್ಯಾಟಿನ ಮುಂದೆ ಬಂದು ಹೊರಗೆ ಹೊರಳುತ್ತಿದ್ದ ಚೆಂಡು ಈಗ ನೇರವಾಗಿ, ನಿಧಾನವಾಗಿ, ಹೊಡೆಯುವವನಿಗೆ ಬೇಕಾದಲ್ಲಿಗೇ ಬಂದು ಬೀಳುತ್ತಿತ್ತು. ಕುಂಥುನಾಥನದು ಇನ್ನೂ ಕೆಟ್ಟ ದಿನ. ಓಡುತ್ತ ಬಂದು ಗೆರೆ ದಾಟಿ ಐದು ನೋ-ಬಾಲ್ ಹಾಕಿದ. ಸತತ ಮೂರನೆಯ ವರ್ಷ ಶಹಾಪುರ ಸೋತಿತು.

ಮರಳುವ ಮೋಟಾರಿನಲ್ಲಿ ಆಬಾಸಾಹೇಬರು ಭೀಮಗೊಂಡನ ಪಕ್ಕದಲ್ಲಿ ಕುಳಿತರು. ಅವರು ಯಾರನ್ನೂ ನೋಯಿಸಿ ಮಾತಾಡುವವರಲ್ಲ. ಬಹಳ ಹೊತ್ತು ಯುದ್ಧದ ಸುದ್ದಿ, ನೂಲಿನ ಸುದ್ದಿ ಆಡಿದರು. ಮೋಟಾರು ಪಂಚಗಂಗೆಯ ಸೇತುವೆಗೆ ಬಂದಾಗ, ಹೊಳೆಯ ಕಡೆ ಮುಖ ಮಾಡಿ, ಗಡಹಿಂಗ್ಲಜದ ಕಡೆ ಸಣ್ಣ ಸಣ್ಣ ತಂಡಗಳಲ್ಲಿ ಒಳ್ಳೆಯ ಬೌಲರುಗಳು ಆಡುತ್ತಿದ್ದಾರಂತೆ, ಒಮ್ಮೆ ಹೋಗಿ ನೋಡಿ ಬರುವೆಯಾ ಎಂದು ಕೇಳಿದರು. ನಿನ್ನ ಕಣ್ಣಿನ ಮೇಲಿರುವಷ್ಟು ನಂಬಿಕೆ ಇನ್ನೊಬ್ಬರ ಕಣ್ಣಿನ ಮೇಲೆ ನನಗಿಲ್ಲ ಎಂದೂ ಸೇರಿಸಿದರು.

ಭೀಮಗೊಂಡ ಹೂಂ ಎಂದ. ತನ್ನ ಜಾಗಕ್ಕೆ ಬರುವವನನ್ನು ಹುಡುಕಲು ತನ್ನನ್ನೇ ಕಳಿಸುತ್ತಿದ್ದಾರೆ ಎಂಬುದು ಮನೆಯ ಬಾಗಿಲಿಗೆ ಬರುವವರೆಗೆ ಅವನಿಗೆ ಪೂರ್ತಿ ಹೊಳೆಯಲಿಲ್ಲ. ಹೆಂಡತಿ ಬಾಳಕ್ಕ ರಾಟೆಯ ಮುಂದೆ ಕುಳಿತು, ಮಗ್ಗದ ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದಳು. ಅವನು ಹೇಳಿದ್ದನ್ನೆಲ್ಲ ಕೇಳಿ ರಾಟೆ ನಿಲ್ಲಿಸಿದಳು.

"ಹೋಗೂದಾದ್ರ ಮನಸ್ಸಿಟ್ಟ ಹೋಗ್ರಿ," ಎಂದಳು. "ಒಲ್ಲದ ಮನಸ್ಸಿಲೆ ಹೋದ್ರ ಚಲೋ ಹುಡುಗನೂ ನಿಮಗ ಕೆಟ್ಟವನಂಗ ಕಾಣತಾನ."

ಸಂಕ್ರಾಂತಿ ಮುಗಿದ ಮೇಲೆ ಒಂದು ರವಿವಾರ ಅವನು ಹೊರಟ. ಕಾಗಲದಲ್ಲಿ ಮೋಟಾರು ಬದಲಿಸಿ, ನಿಪ್ಪಾಣಿ ಸಂಕೇಶ್ವರ ದಾಟಿ ಗಡಹಿಂಗ್ಲಜ ತಲುಪುವ ಹೊತ್ತಿಗೆ ಬಿಸಿಲೇರಿತ್ತು. ಅಲ್ಲಿನ ತಂಡ ನಡೆಸುತ್ತಿದ್ದವನು ಧೋಂಡಿಬಾ ಎಂಬ, ಬಟ್ಟೆ ಹೊಲಿಯುವ ಶಿಂಪಿ. ಹಿರಣ್ಯಕೇಶಿ ಹೊಳೆಯ ದಂಡೆಯಲ್ಲಿ, ಶೇಂಗಾ ಕಿತ್ತ ಹೊಲವೊಂದರ ಮೇಲೆ ಕಲ್ಲುಗುಂಡು ಉರುಳಿಸಿ ಗಟ್ಟಿ ಮಾಡಿಕೊಂಡು ಆಡುತ್ತಿದ್ದರು. ಧೋಂಡಿಬಾ ಇಬ್ಬರನ್ನು ತೋರಿಸಿದ. ಒಬ್ಬನದು ನೋಡಲು ಬಲು ಚಂದದ ಕೈ, ಆದರೆ ಒಂದು ಬೌಂಡರಿ ಹೊಡೆಸಿಕೊಂಡರೆ ಮುಂದಿನ ಚೆಂಡು ಹಾಕಲು ಹೆದರುತ್ತಿದ್ದ. ಇನ್ನೊಬ್ಬ ಎಡಗೈಯವನು, ಬರುವ ತಿಂಗಳು ಮುಂಬಯಿಯ ಗಿರಣಿಗೆ ಹೋಗುವವನಿದ್ದ. ಭೀಮಗೊಂಡ ಇಬ್ಬರ ಹೆಸರನ್ನೂ ಬರೆದುಕೊಂಡ. ಒಳಗೆಲ್ಲೋ ಸ್ವಲ್ಪ ಹಗುರವೂ ಆಯಿತು. ಇನ್ನೊಂದು ವರ್ಷ ತಾನೇ ಹಾಕಬೇಕಾದೀತು ಎಂದುಕೊಂಡ.

ಆಗ ಮಹಾಗಾಂವದ ಅಲ್ಲಪ್ಪ ಬಂದ. ಇಪ್ಪತ್ತರ ತರುಣ, ಎಂಟು ಮೈಲಿ ನಡೆದು ಬಂದಿದ್ದ. ಬೆಲ್ಲ ಬೇಯಿಸುವ ಗುರ್ಹಾಳದಲ್ಲಿ ಬೆಳಗಿನ ಕೆಲಸ ಮುಗಿಸಿ ಹೊರಟಿದ್ದರಿಂದ ತಡವಾಯಿತು ಎಂದು ಧೋಂಡಿಬಾನಿಗೆ ಹೇಳಿ, ಧೋತರ ಮೇಲೆ ಕಟ್ಟಿ ಚೆಂಡು ಕೈಗೆತ್ತಿಕೊಂಡ. ಬರಿಗಾಲು. ಏಳೆಂಟು ಹೆಜ್ಜೆಯ ಓಟ. ಮೊದಲ ಚೆಂಡು ಬಿದ್ದದ್ದು ಕಂಡಿತು, ಆಮೇಲೆ ಕಂಡದ್ದು ಹಾರಿ ಬಿದ್ದ ಸ್ಟಂಪು.

ಭೀಮಗೊಂಡ ಎದ್ದು ನಿಂತ. ತನಗೆ ಆದದ್ದು ಹೊಟ್ಟೆಕಿಚ್ಚು ಎಂದು ಅವನಿಗೆ ಗೊತ್ತಿತ್ತು. ಮೂರನೆಯ ಚೆಂಡಿನ ಹೊತ್ತಿಗೆ ಅದು ಹೋಗಿ ಬೇರೆ ಏನೋ ಬಂದಿತ್ತು. ಹಾಗೆ ಚೆಂಡು ಹೋಗುವುದನ್ನು ಅಷ್ಟು ಹತ್ತಿರದಿಂದ ನೋಡಿ ಅವನಿಗೆ ವರ್ಷಗಳಾಗಿದ್ದವು. ನಾಲ್ಕನೆಯದಕ್ಕೆ ಪಕ್ಕಕ್ಕೆ ಸರಿದು ನಿಂತು ನೋಡಿದ. ಚೆಂಡು ಬಿಡುವ ಕ್ಷಣದಲ್ಲಿ ಅಲ್ಲಪ್ಪನ ಮೊಣಕೈ ಮಡಚಿ, ಥಟ್ಟನೆ ಬಿಚ್ಚುತ್ತಿತ್ತು. ಕಲ್ಲು ಎಸೆದಂತೆ. ಕ್ರಿಕೆಟ್ಟಿನಲ್ಲಿ ಅದು ನಡೆಯುವುದಿಲ್ಲ. ಭೀಮಗೊಂಡ ನೋಡಿದ, ಮತ್ತೆ ಮೊದಲಿನ ಜಾಗಕ್ಕೆ ಹೋಗಿ ನಿಂತ. ಅಲ್ಲಿಂದ ಮೊಣಕೈ ಕಾಣುತ್ತಿರಲಿಲ್ಲ.

ಹದಿನೈದು ದಿನದಲ್ಲಿ ಅಲ್ಲಪ್ಪ ಶಹಾಪುರಕ್ಕೆ ಬಂದ. ಶೆಡ್ಡಿನಲ್ಲಿ ಮಗ್ಗಗಳಿಗೆ ಎಣ್ಣೆ ಬಿಡುವ ಕೆಲಸ, ಭೀಮಗೊಂಡನ ಮನೆಯ ಪಡಸಾಲೆಯಲ್ಲಿ ಹಾಸಿಗೆ. ಭೀಮಗೊಂಡನ ಇಬ್ಬರು ಹೆಣ್ಣುಮಕ್ಕಳು ಎರಡೇ ದಿನದಲ್ಲಿ ಅವನನ್ನು ಕಾಕಾ ಎಂದು ಕರೆಯತೊಡಗಿದರು. ಮಾತು ಕಡಿಮೆ, ಊಟ ಬಹಳ ಎಂದು ಬಾಳಕ್ಕ ಮೆಚ್ಚಿಕೊಂಡಳು.

ಅವನಿಗಾಗಿ ಜಾಗ ಬಿಡಬೇಕಾದದ್ದು ಯಾರು ಎಂಬ ಪ್ರಶ್ನೆ ಬಂದಾಗ ಭೀಮಗೊಂಡ ಒಂದು ತಪ್ಪು ಮಾಡಿದ. ತಾನು ಬಿಡುತ್ತೇನೆ ಎನ್ನುವ ಬದಲು, ಕುಂಥುನಾಥನ ಓಟ ಕೆಟ್ಟಿದೆ, ಅವನನ್ನು ಕೂರಿಸೋಣ ಎಂದು ಆಬಾಸಾಹೇಬರಿಗೆ ಹೇಳಿದ. ಹೇಳಿದ್ದು ನಿಜವೇ. ಆದರೆ ಕುಂಥುನಾಥನಿಗೆ ಅದು ಬೇರೆಯವರ ಬಾಯಿಂದ ತಿಳಿಯಿತು. ಅವನು ಜಗಳವಾಡಲಿಲ್ಲ. ಎದುರಿಗೆ ಬಂದರೆ ಭೀಮಗೊಂಡನನ್ನು ನೋಡದೆ ಹೋಗತೊಡಗಿದ, ಅಷ್ಟೆ.

ಮಾರ್ಚ್ ತಿಂಗಳಲ್ಲಿ ಅಲ್ಲಪ್ಪನನ್ನು ಕರೆದುಕೊಂಡು ಕೊಲ್ಹಾಪುರಕ್ಕೆ ಹೋದರು. ಅವನಿಗೆ ಹೊಸ ಬಿಳಿ ಪ್ಯಾಂಟು, ಕ್ಯಾನ್ವಾಸ್ ಬೂಟು ತಂದುಕೊಟ್ಟಿದ್ದರು. ಎರಡನೆಯ ಓವರ್ ಅವನದು. ಮೊದಲ ಚೆಂಡಿಗೇ ಎದುರಾಳಿಯ ಆಟಗಾರ ಔಟಾದ. ಶಹಾಪುರದವರು ಕೂಗುವಷ್ಟರಲ್ಲಿ ಅಂಪೈರ್ ಕೈ ಅಡ್ಡ ಚಾಚಿದ್ದ. ನೋ-ಬಾಲ್. ಎರಡನೆಯದಕ್ಕೂ ಅದೇ, ಮೂರನೆಯದಕ್ಕೂ ಅದೇ. ಕಾಲು ಗೆರೆ ದಾಟುತ್ತಿದೆಯೆಂದು ಅಲ್ಲಪ್ಪ ಹಿಂದೆ ಹಿಂದೆ ಸರಿದು ಹಾಕಿದ. ಏಳು ಸಲ ಅಂಪೈರ್ ಕೈ ಚಾಚಿದ. ಜನರಿಗೆ ಅಷ್ಟರಲ್ಲಿ ಅರ್ಥವಾಗಿತ್ತು. 'ಫೇಕತೋಯ್, ಫೇಕತೋಯ್', ಎಸೀತಾನ ಎಸೀತಾನ ಎಂದು ಮರಾಠಿಯಲ್ಲಿ ಮೈದಾನದ ಸುತ್ತಲೂ ಕೂಗು ಎದ್ದಿತು. ಅಲ್ಲಪ್ಪ ಭೀಮಗೊಂಡನ ಕಡೆ ನೋಡಿದ. ಭೀಮಗೊಂಡ ನೆಲ ನೋಡಿದ. ಆಬಾಸಾಹೇಬರು ಬಂದು ಚೆಂಡು ಇಸಿದುಕೊಂಡರು.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಹಾಸಿಗೆ ಮಡಚಿಟ್ಟಿತ್ತು. ಬೂಟು, ಪ್ಯಾಂಟು ಅದರ ಮೇಲಿದ್ದವು. ಅಲ್ಲಪ್ಪ ಇರಲಿಲ್ಲ.

ಭೀಮಗೊಂಡ ಒಂದು ವಾರ ಸುಮ್ಮನಿದ್ದ. ಶೆಡ್ಡಿನಲ್ಲಿ ಒಂದು ಮಗ್ಗವನ್ನು ತಿರುಗಿಸುವ ಪಟ್ಟೆ ತಪ್ಪಾಗಿ ಬಿಗಿದು ಅರ್ಧ ದಿನದ ಕೆಲಸ ಕೆಡಿಸಿದ. ಊಟಕ್ಕೆ ಕುಳಿತಾಗ ದೊಡ್ಡ ಮಗಳು ಕಾಕಾ ಯಾವಾಗ ಬರುತ್ತಾನೆ ಎಂದು ಕೇಳಿದಳು. ಅಂದು ಅವನು ಬಾಳಕ್ಕನಿಗೆ ಮೊಣಕೈಯ ವಿಷಯ ಹೇಳಿಬಿಟ್ಟ. ಮೊದಲ ದಿನವೇ ಕಂಡಿತ್ತು, ಕಂಡರೂ ಹೇಳಲಿಲ್ಲ. ಅವಳು ಬೈಯಲಿಲ್ಲ. ಮುಂದಿನ ರವಿವಾರಕ್ಕೆ ಬುತ್ತಿ ಕಟ್ಟಿಕೊಡುತ್ತೇನೆ ಎಂದಳು.

ಮಹಾಗಾಂವದಲ್ಲಿ ಅಲ್ಲಪ್ಪ ಹೊಲಕ್ಕೆ ಗೊಬ್ಬರದ ಗಾಡಿ ಹೊಡೆಯುತ್ತಿದ್ದ. ಭೀಮಗೊಂಡನನ್ನು ಕಂಡು ಗಾಡಿ ನಿಲ್ಲಿಸಿದ, ಇಳಿಯಲಿಲ್ಲ. ಭೀಮಗೊಂಡನೇ ಹತ್ತಿ ಮೂಕಿಯ ಹತ್ತಿರ ಕುಳಿತ. ಗಾಡಿ ಹೊಲ ಮುಟ್ಟಿತು.

"ನಿನ್ನ ಮೊಣಕೈ ಮಡಚೂದು ನಾ ಗಡಹಿಂಗ್ಲಜದಾಗ ಮೊದಲನೇ ದಿನಾನ ನೋಡಿದ್ದೆ," ಎಂದ ಭೀಮಗೊಂಡ.

"ಮತ್ತ ಯಾಕ ಹೇಳ್ಲಿಲ್ರಿ?"

"ಹೇಳಿದ್ರ ನೀ ಬರೂದಿಲ್ಲ ಅನಿಸ್ತು. ಮತ್ತೊಬ್ಬನ್ನ ಹುಡುಕಾಕ ನನ್ನ ಕಡೆ ದಮ್ಮ ಉಳದಿದ್ದಿಲ್ಲ. ಮಂದಿ ನಿನಗ ಒದರಿದ್ರು, ತಪ್ಪ ನಂದಿತ್ತು."

ಅಲ್ಲಪ್ಪ ಎತ್ತುಗಳ ಬೆನ್ನ ಮೇಲಿನ ನೊಣ ಓಡಿಸುತ್ತ ಕುಳಿತ. ಆಮೇಲೆ ಹೇಳಿದ: "ನಮ್ಮೂರವ್ನೊಬ್ಬ ಅಲ್ಲಿ ಆಟ ನೋಡಾಕ ಬಂದಿದ್ನಂತ. ಬಂದು ನಮ್ಮವ್ವಗ ಹೇಳ್ಯಾನ. ಅವ್ವ ಕೇಳತಾಳ್ರಿ, ಅಷ್ಟ ಮಂದಿ ಯಾಕ ಒದರಿದ್ರು, ಏನರ ಕಳವು ಮಾಡಿಯೇನು ಅಂತ. ಅಕಿಗೆ ಹೆಂಗ ತಿಳಿಸಿ ಹೇಳೂದು ನನಗ ಗೊತ್ತಾಗವಲ್ದು."

ಗೊಬ್ಬರ ಇಳಿಸಲು ಭೀಮಗೊಂಡನೂ ಕೈ ಹಾಕಿದ. ಇಬ್ಬರೂ ಮನೆಗೆ ಹೋದರು. ಅಂಗಳದಲ್ಲಿ ಕುಳಿತು, ಒಂದು ಈರುಳ್ಳಿ ಕೈಯಲ್ಲಿ ಹಿಡಿದು, ಚೆಂಡು ಹೇಗೆ ಹಾಕಬೇಕು, ಹೇಗೆ ಹಾಕಬಾರದು ಎಂದು ಭೀಮಗೊಂಡ ಆ ತಾಯಿಗೆ ತೋರಿಸಿದ. ಅವಳು ಗಮನವಿಟ್ಟು ನೋಡಿದಳು. ಕೈ ನೆಟ್ಟಗಿಲ್ಲ ಅನ್ನುವುದಕ್ಕೆ ಒಬ್ಬ ಮನುಷ್ಯನನ್ನು ಹೀಗೆ ಕೂಗುತ್ತಾರೆಯೇ ಎಂದು ಕೇಳಿದಳು. ಕೂಗುತ್ತಾರೆ ಎಂದು ಅವನು ಒಪ್ಪಿಕೊಂಡ. ಆ ಕೈಯನ್ನು ನೆಟ್ಟಗೆ ಮಾಡಬಹುದೇ ಎಂದಳು. ಪ್ರಯತ್ನ ಮಾಡುತ್ತೇನೆ, ಆಗದಿದ್ದರೆ ನಾನೇ ಕರೆತಂದು ಬಿಡುತ್ತೇನೆ ಎಂದ. ಅವಳು ಒಳಗೆ ಹೋಗಿ ಇಬ್ಬರಿಗೂ ಮಜ್ಜಿಗೆ ತಂದಳು. ಮಗನಿಗೆ ಹೋಗು ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಆದರೆ ಅವನ ಇನ್ನೊಂದು ಅಂಗಿ ಒಗೆದು ಬೇಲಿಗೆ ಹಾಕಿದಳು.

ಆ ವರ್ಷ ಮಳೆಗಾಲವಿಡೀ ಅವರು ಕೈ ನೆಟ್ಟಗೆ ಮಾಡುವ ಕೆಲಸಕ್ಕೆ ಬಿದ್ದರು. ಬಯಲೆಲ್ಲ ಕೆಸರು. ಜಾಗ ಬೇಕಿತ್ತು. ಶಹಾಪುರದಲ್ಲಿ ಮಾಡಿನ ಕೆಳಗೆ ಇಪ್ಪತ್ತೆರಡು ಗಜ ಉದ್ದದ ಜಾಗ ಇದ್ದದ್ದು ಒಂದೇ, ಕುಂಥುನಾಥ ನೂಲಿನ ದಾಸ್ತಾನು ಇಡುವ ವಖಾರಿ.

ಭೀಮಗೊಂಡ ಅವನ ಅಂಗಡಿಗೆ ಹೋಗಿ ನಿಂತ. ಮೂರು ತಿಂಗಳ ಮೇಲೆ ಇಬ್ಬರೂ ಮಾತಾಡಿದ್ದು ಅಂದೇ. ನಿನ್ನನ್ನು ಕೂರಿಸುವ ಮಾತು ನಿನಗೇ ಮೊದಲು ಹೇಳಬೇಕಿತ್ತು ಎಂದ ಭೀಮಗೊಂಡ. ನಿನ್ನ ಓಟ ಕೆಟ್ಟಿದ್ದು ನಿಜ, ನನ್ನ ಭುಜ ಕೆಟ್ಟಿದ್ದು ಅದಕ್ಕಿಂತ ನಿಜ, ಅದನ್ನು ಮಾತ್ರ ನಾನು ಬಾಯಿಬಿಡಲಿಲ್ಲ ಎಂದ. ಕುಂಥುನಾಥ ನೂಲಿನ ಗಂಟು ಬಿಚ್ಚುತ್ತಲೇ ಇದ್ದ. ಗೆರೆ ದಾಟುತ್ತಿರುವುದು ತನಗೂ ಎರಡು ವರ್ಷದಿಂದ ಗೊತ್ತಿತ್ತು, ಓಟ ಕಡಿಮೆ ಮಾಡಿದರೆ ಮುದುಕನಾದೆ ಅನ್ನುತ್ತಾರೆಂದು ಮಾಡಲಿಲ್ಲ ಎಂದ. ಗೋಡೆಯ ಮೊಳೆಯಿಂದ ವಖಾರಿಯ ಕೀಲಿಕೈ ತೆಗೆದುಕೊಟ್ಟ.

ಮರುದಿನದಿಂದ ಅವನೂ ಬಂದ. ನೂಲಿನ ಪೆಂಡಿಯ ಮೇಲೆ ಪಕ್ಕಕ್ಕೆ ಕುಳಿತು ಅಂಪೈರಿನಂತೆ ಮೊಣಕೈ ನೋಡುವುದು ಅವನ ಕೆಲಸವಾಯಿತು. ಮೋಸವಿಲ್ಲದ ಅಂಪೈರು. ದಿನಕ್ಕೆ ಅರವತ್ತು ಚೆಂಡಿನಲ್ಲಿ ಐವತ್ತಕ್ಕೆ ಇಲ್ಲ ಎನ್ನುತ್ತಿದ್ದ. ಭೀಮಗೊಂಡ ಬಿದಿರಿನ ಎರಡು ಸಲಾಕೆ ಕೊಯ್ದು ಅಲ್ಲಪ್ಪನ ಕೈಗೆ ಆಚೆ ಈಚೆ ಇಟ್ಟು ಬಟ್ಟೆಯಿಂದ ಬಿಗಿದ. ಸಲಾಕೆ ಇದ್ದಾಗ ಕೈ ನೆಟ್ಟಗೆ ಬರುತ್ತಿತ್ತು, ಬಿಚ್ಚಿದರೆ ಮತ್ತೆ ಅದೇ ಹಳೆಯದು. ಚರ್ಮ ಕಿತ್ತು ಗಾಯವಾಯಿತು. ಅಲ್ಲಪ್ಪ ದೂರಲಿಲ್ಲ. ಆಷಾಢ ಕಳೆಯುವ ಹೊತ್ತಿಗೆ ಮಾತ್ರ ಒಂದು ಸಂಜೆ ಚೆಂಡು ಕೆಳಗಿಟ್ಟು, ಇದು ಆಗುವುದಿಲ್ಲ ಬಿಡಿ ಎಂದ.

ಅಂದು ಬಾಳಕ್ಕ ಕಂಡಿಕೆ ಒಪ್ಪಿಸಿ ಹೊಸ ನೂಲು ಒಯ್ಯಲು ವಖಾರಿಗೆ ಬಂದಿದ್ದಳು. ಬಾಗಿಲ ಹತ್ತಿರ ನಿಂತು ಬಹಳ ಹೊತ್ತಿನಿಂದ ನೋಡುತ್ತಿದ್ದಳು. ಅವಳಿಗೆ ಕ್ರಿಕೆಟ್ ತಿಳಿಯದು. ಹದಿಮೂರು ವರ್ಷದಲ್ಲಿ ಒಂದು ಪಂದ್ಯವನ್ನೂ ನೋಡಿದವಳಲ್ಲ.

"ನೀವು ಮೂರೂ ಮಂದಿ ಅವನ ಮೊಣಕೈ ನೋಡಾಕತ್ತೀರಿ," ಎಂದಳು. "ಬೆರಳ ನೋಡ್ರಿ. ಯಾರೋ ಕಸಗೋತಾರ ಅನ್ನೂಹಂಗ ಚೆಂಡ ಹಿಡದಾನ. ಬೆರಳ ಬಿಗದ್ರ ಕೈ ಎಲ್ಲಾ ಬಿಗೀತೈತಿ. ನಾ ಹೊಸದಾಗಿ ಕಂಡಿಕಿ ಸುತ್ತಾಕ ಕುಂತಾಗ ನನಗೂ ಹಂಗ ಆಗತಿತ್ತು. ನೂಲ ಹರೀತೈತಿ ಅಂತ ಅಂಜಿ ಗಟ್ಟಿ ಹಿಡದ್ರ, ಮೊಣಕೈ ತಾನ ಮಡಚತಿತ್ತು."

ಭೀಮಗೊಂಡ ಅಲ್ಲಪ್ಪನ ಕೈ ಹಿಡಿದು ನೋಡಿದ. ಐದೂ ಬೆರಳು ಚೆಂಡನ್ನು ಕವಿದಿದ್ದವು, ಅಂಗೈಗೆ ಚೆಂಡು ಒತ್ತಿತ್ತು. ಇಷ್ಟು ತಿಂಗಳು ತಾನು ಇದನ್ನು ಗಮನಿಸಿಯೇ ಇರಲಿಲ್ಲ. ಎರಡು ಬೆರಳು ಹೊಲಿಗೆಯ ಮೇಲೆ, ಹೆಬ್ಬೆರಳು ಕೆಳಗೆ, ಅಂಗೈಗೂ ಚೆಂಡಿಗೂ ನಡುವೆ ಗಾಳಿ ಆಡಬೇಕು ಎಂದು ಹಿಡಿಸಿದ. ಮೊದಲ ಚೆಂಡು ಕೈಜಾರಿ ಪೆಂಡಿಗಳ ನಡುವೆ ಹೋಯಿತು. ಎರಡನೆಯದೂ ಹೋಯಿತು. ಎಂಟನೆಯದಕ್ಕೆ ಕುಂಥುನಾಥ ಇಲ್ಲ ಎನ್ನಲಿಲ್ಲ. ಒಂಬತ್ತನೆಯದಕ್ಕೆ, ಅಡ್ಡಿಯಿಲ್ಲ ಎಂದ.

ಅದು ಒಂದೇ ದಿನದಲ್ಲಿ ಸರಿಹೋಗುವ ಮಾತಾಗಿರಲಿಲ್ಲ. ಶ್ರಾವಣ ಹೋಯಿತು, ಭಾದ್ರಪದ ಹೋಯಿತು. ಮೊದಲಿನ ವೇಗದಲ್ಲಿ ಸ್ವಲ್ಪ ಹೋಗಿಯೇ ಬಿಟ್ಟಿತು. ಆದರೆ ಅದರ ಬದಲಿಗೆ ಚೆಂಡು ಕಡೆಯ ಗಳಿಗೆಯಲ್ಲಿ ಹೊರಗೆ ಹೊರಳತೊಡಗಿತು. ಭೀಮಗೊಂಡ ತಾನು ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಕಲಿತದ್ದನ್ನೆಲ್ಲ ಹೇಳಿಕೊಟ್ಟ. ತೋರಿಸಲು ಭುಜ ಬಿಡುತ್ತಿರಲಿಲ್ಲ, ಬಾಯಲ್ಲೇ ಹೇಳಿದ.

ದೀಪಾವಳಿಯ ಪಂದ್ಯದ ದಿನ ಕೊಲ್ಹಾಪುರದ ಮೈದಾನಕ್ಕೆ ಇಳಿಯುವಾಗ ಆಬಾಸಾಹೇಬರು ಎಂದಿನಂತೆ ಹೊಸ ಚೆಂಡನ್ನು ಭೀಮಗೊಂಡನ ಕೈಗೆ ಕೊಟ್ಟರು. ಅವನು ಅದನ್ನು ಒಮ್ಮೆ ತಿರುಗಿಸಿ ನೋಡಿ ಅಲ್ಲಪ್ಪನ ಕೈಗಿಟ್ಟ. ಆಬಾಸಾಹೇಬರು ಏನೋ ಹೇಳಲು ಬಾಯಿ ತೆರೆದರು. "ಮೊದಲನೇ ಓವರ್ ಅವನ ಹಾಕಲ್ರಿ ಸಾಹೇಬ್ರ," ಎಂದ ಭೀಮಗೊಂಡ, "ನಾ ಮಿಡ್-ಆಫ್‌ನ್ಯಾಗ ನಿಂದರತೇನಿ. ಅವಗ ನನ್ನ ಮಾತ ಕೇಳಿಸ್ತಾವ."

ಅಂಪೈರ್ ಅವನೇ, ಮಾರ್ಚಿನವನು. ಅಲ್ಲಪ್ಪ ಓಡಿ ಬಂದ. ಮೊದಲ ಚೆಂಡು ಬ್ಯಾಟಿನ ಪಕ್ಕದಿಂದ ಹೊರಳಿ ಕೀಪರಿನ ಕೈ ಸೇರಿತು. ಭೀಮಗೊಂಡ ಅಂಪೈರಿನ ಕೈಯನ್ನೇ ನೋಡುತ್ತಿದ್ದ. ಅದು ಕೋಟಿನ ಜೇಬಿನಲ್ಲೇ ಇತ್ತು. ಎರಡನೆಯದಕ್ಕೂ ಏಳಲಿಲ್ಲ. ಓವರ್ ಮುಗಿದಾಗ ಮಾತ್ರ ಅಂಪೈರ್ ಕೈ ಹೊರತೆಗೆದು ಅಲ್ಲಪ್ಪನ ಟೊಪ್ಪಿಗೆ ಕೊಡುತ್ತ, ಚಾಂಗಲಂ ಎಂದ. ಚೆನ್ನಾಗಿದೆ ಎಂದಷ್ಟೇ ಅದರ ಅರ್ಥ. ಅಲ್ಲಪ್ಪ ಟೊಪ್ಪಿಗೆಯನ್ನು ಹಿಂದುಮುಂದಾಗಿ ಹಾಕಿಕೊಂಡು ತನ್ನ ಜಾಗಕ್ಕೆ ಓಡಿದ. ಅಂದು ಅವನಿಗೆ ಆರು ವಿಕೆಟ್ ಬಂದವು. ಎರಡನೆಯ ತುದಿಯಿಂದ, ಮತ್ತೆ ತಂಡಕ್ಕೆ ಬಂದಿದ್ದ ಕುಂಥುನಾಥ ಹತ್ತೇ ಹೆಜ್ಜೆಯ ಓಟದಿಂದ ಹಾಕಿ ಮೂರು ತೆಗೆದ. ಭೀಮಗೊಂಡ ಎರಡು ಓವರ್ ಹಾಕಿದ, ವಿಕೆಟ್ ಇಲ್ಲ. ಶಹಾಪುರ ಗೆದ್ದಿತು.

ಗೆಲುವಿನ ಫಲವೂ ಬೇಗ ಬಂತು. ಮುಂದಿನ ವರ್ಷ ಕೊಲ್ಹಾಪುರದ ದೊಡ್ಡ ತಂಡದವರು ಅಲ್ಲಪ್ಪನನ್ನು ಕರೆದರು. ಸಂಸ್ಥಾನದ ಒಂದು ಕಚೇರಿಯಲ್ಲಿ ಪಟ್ಟೇವಾಲಾನ, ಅಂದರೆ ಜವಾನನ ನೌಕರಿ, ದಿನವೂ ಆಟ. ಆಬಾಸಾಹೇಬರಿಗೆ ಸಿಟ್ಟು ಬಂತು. ಹೋಗಬೇಡ ಎಂದು ನೀನು ಹೇಳಿದರೆ ಕೇಳುತ್ತಾನೆ ಎಂದು ಭೀಮಗೊಂಡನ ಮೇಲೆ ಒತ್ತಾಯ ಹಾಕಿದರು. ಕೇಳುತ್ತಿದ್ದ, ಅದು ಭೀಮಗೊಂಡನಿಗೂ ಗೊತ್ತಿತ್ತು. ಅದಕ್ಕೇ ಅವನು ಹೇಳಲಿಲ್ಲ. ಬಾಳಕ್ಕ ಶೇಂಗಾ ಹೋಳಿಗೆ ಮಾಡಿ ಕಟ್ಟಿಕೊಟ್ಟಳು. ಹೆಣ್ಣುಮಕ್ಕಳು ಅತ್ತರು. ಅಲ್ಲಪ್ಪ ಹೊಸ್ತಿಲಲ್ಲಿ ನಿಂತು ಬೂಟಿನ ದಾರವನ್ನು ಮೂರು ಸಲ ಬಿಚ್ಚಿ ಕಟ್ಟಿದ.

ಅವನೂ ಭೀಮಗೊಂಡನೂ ಮೈದಾನದಲ್ಲಿ ಎದುರುಬದುರಾದದ್ದು ೧೯೪೩ರಲ್ಲಿ. ಭೀಮಗೊಂಡ ಆಗ ಬೌಲಿಂಗ್ ಬಿಟ್ಟಿದ್ದ. ಆ ದಿನ ಆಳು ಕಡಿಮೆ ಬಿದ್ದರೆಂದು ಹನ್ನೊಂದನೆಯವನಾಗಿ ಹೋಗಿದ್ದ. ಶಹಾಪುರಕ್ಕೆ ಗೆಲ್ಲಲು ಒಂಬತ್ತು ರನ್ ಬೇಕಿದ್ದಾಗ ಒಂಬತ್ತನೆಯ ವಿಕೆಟ್ ಬಿತ್ತು. ಅವನು ಬ್ಯಾಟು ಹಿಡಿದು ಹೋದಾಗ ಆಚೆಯ ತುದಿಯಲ್ಲಿ ಕುಂಥುನಾಥನಿದ್ದ. ಚೆಂಡು ಅಲ್ಲಪ್ಪನ ಕೈಯಲ್ಲಿತ್ತು.

"ನಿನಗ ಹಗುರ ಹಾಕತಾನ ನೋಡು," ಎಂದು ಕುಂಥುನಾಥ ಪಿಸುಗುಟ್ಟಿದ.

ಭೀಮಗೊಂಡನಿಗೆ ಆದ ಭಯ ಅದೇ. ಇಷ್ಟು ಜನರ ಮುಂದೆ ಒಂದು ಮೆತ್ತನೆಯ ಚೆಂಡು ಬಂದರೆ, ಅದನ್ನು ತಾನು ಹೊಡೆದರೆ, ಆಮೇಲೆ ಅಲ್ಲಪ್ಪನ ಮುಖ ಹೇಗೆ ನೋಡುವುದು. ಅಲ್ಲಪ್ಪ ಓಡಿ ಬಂದ. ಮೊದಲ ಚೆಂಡು ಭೀಮಗೊಂಡನ ಟೊಪ್ಪಿಗೆಯ ಅಂಚಿಗೆ ಗಾಳಿ ಸೋಕಿಸಿ ಹೋಯಿತು. ಎರಡನೆಯದು ಒಳಗೆ ಬರುತ್ತದೆ ಎಂದು ಅವನು ಬ್ಯಾಟು ಇಟ್ಟ ಜಾಗವನ್ನು ಬಿಟ್ಟು, ಕೊನೆಯ ಗಳಿಗೆಯಲ್ಲಿ ಹೊರಳಿ, ಹೊರಗಿನ ಸ್ಟಂಪನ್ನು ಕಿತ್ತು ಹಿಂದಕ್ಕೆ ಎಸೆಯಿತು. ಭೀಮಗೊಂಡ ಬಿದ್ದ ಸ್ಟಂಪಿನ ಕಡೆ ನೋಡುತ್ತ ಒಂದು ಕ್ಷಣ ನಿಂತೇ ಇದ್ದ. ಅದು ಅವನದೇ ಚೆಂಡು. ಆದರೆ ಅವನು ಎಂದೂ ಹಾಕಿರದಷ್ಟು ಚೆನ್ನಾಗಿತ್ತು.

ಆಟ ಮುಗಿದ ಮೇಲೆ ಅಲ್ಲಪ್ಪ ಅವನ ಚೀಲ ಹೊತ್ತುಕೊಂಡು ಮೋಟಾರು ನಿಲ್ದಾಣದವರೆಗೆ ಬಂದ. ನಿಲ್ದಾಣದಲ್ಲಿ ಚೀಲ ಕೆಳಗಿಟ್ಟು, "ಕಲಿಸಿದವರಿಗೆ ಹಗುರ ಹಾಕು ಅಂತ ನಮ್ಮ ಮಂದಿ ಅಂದ್ರು. ನನ್ನ ಕೈಲೆ ಆಗ್ಲಿಲ್ರಿ," ಎಂದ.

"ಹಾಕಿದ್ರ ನಿನ್ನ ಜೋಡಿ ನಾ ಮಾತ ಬಿಡತಿದ್ದೆ," ಎಂದ ಭೀಮಗೊಂಡ.

ಯುದ್ಧದ ಕಾಲ, ಪೆಟ್ರೋಲ್ ಇರಲಿಲ್ಲ. ಮೋಟಾರುಗಳು ಇದ್ದಿಲ ಗ್ಯಾಸಿನ ಮೇಲೆ ಓಡುತ್ತಿದ್ದವು, ಒಲೆ ಕಾದು ಎಂಜಿನ್ ಹಿಡಿಯಲು ಅರ್ಧ ತಾಸು ಬೇಕಾಗುತ್ತಿತ್ತು. ಕ್ಲೀನರ್ ಹಿಂದೆ ನಿಂತು ಒಲೆಗೆ ಗಾಳಿ ತಿರುವತೊಡಗಿದ. ಇಬ್ಬರೂ ಕಟ್ಟೆಯ ಮೇಲೆ ಕುಳಿತರು. ಅವ್ವ ಹೇಗಿದ್ದಾಳೆ ಎಂದು ಭೀಮಗೊಂಡ ಕೇಳಿದ. ಚೆನ್ನಾಗಿದ್ದಾಳೆ, ಹೋದ ತಿಂಗಳು ಕೊಲ್ಹಾಪುರಕ್ಕೆ ಬಂದು ಒಂದು ಪಂದ್ಯ ನೋಡಿದಳು ಎಂದ ಅಲ್ಲಪ್ಪ. ಜನ ಕೂಗಿದಾಗ ಹೆದರಿ ಎದ್ದು ನಿಂತಳಂತೆ. ಈ ಸಲ ಕೂಗಿದ್ದು ಬೇರೆ ಎಂದು ಪಕ್ಕದಲ್ಲಿದ್ದವರು ತಿಳಿಸಿ ಹೇಳಿ ಕೂರಿಸಬೇಕಾಯಿತಂತೆ. ಭೀಮಗೊಂಡ ನಕ್ಕ. ಆಮೇಲೆ ಆ ಎರಡನೆಯ ಚೆಂಡನ್ನು ಹೇಗೆ ಹಿಡಿದಿದ್ದೆ ತೋರಿಸು ಎಂದ. ಅಲ್ಲಪ್ಪ ಜೇಬಿನಿಂದ ಹಳೆಯ ಚೆಂಡು ತೆಗೆದ.